ನಲವತ್ತೊಂದನೇ ನಂಬರಿನ ಸೀಲು

ಶೆಟ್ಟಿಹಳ್ಳಿ
9 ಜುಲೈ 2014, ಬುಧವಾರ

ರಾಣಿ,

ನಾನು ಕಲಾವತಿ. ಜಾಲಹಳ್ಳಿಯ ದೊಡ್ಡ ಕಾರ್ಖಾನೆಗಳ ಹಿಂದೆ ಇದ್ದ ನಮ್ಮ ಸಣ್ಣ ಬುಷ್ ಕಾರ್ಖಾನೆಯಲ್ಲಿ, ಇನ್‌ಸ್ಪೆಕ್ಷನ್ ಬೆಂಚಿನಲ್ಲಿ, ಒಂಬತ್ತು ವರ್ಷ ನಿನ್ನ ಪಕ್ಕ ಕೂತವಳು. ನಿವೃತ್ತಳಾಗಿ ಒಂದು ವರ್ಷ ಎರಡು ತಿಂಗಳಾಯಿತು. ಆರು ವರ್ಷದಿಂದ ಶೆಟ್ಟಿಹಳ್ಳಿಯಲ್ಲಿ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದಿದ್ದೇನೆ. ಅಮ್ಮ ತೀರಿಕೊಂಡು ಏಳು ವರ್ಷ. ಮದುವೆ ಆಗಲಿಲ್ಲ.

ನಿನಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ತಿಳಿದು ಕಾಗದ ಬರೆಯುತ್ತಿದ್ದೇನೆ. ಇಲ್ಲಿಂದ ಯಲಹಂಕಕ್ಕೆ ಎರಡು ಬಸ್ಸು, ಒಂದೂವರೆ ಗಂಟೆ. ಬರಬಹುದಿತ್ತು. ಬರಲು ಧೈರ್ಯವಿಲ್ಲ. ಅದನ್ನು ಮೊದಲೇ ಬರೆದುಬಿಡುತ್ತೇನೆ.

ಕಳೆದ ಭಾನುವಾರ ಪರಿಚಯದ ಹುಡುಗಿಯೊಬ್ಬಳು ಒಂದು ಹಾಳೆ ಕೊಟ್ಟಳು. ಅವಳ ಆಫೀಸಿನ ತರಬೇತಿಗೆ ಮಾಡಿದ್ದು. ಸೆಕ್ಯುರಿಟಿಯವರಿಗೆ, ಹೌಸ್‌ಕೀಪಿಂಗ್ ಹೆಂಗಸರಿಗೆ ಎಂದು ಕನ್ನಡಕ್ಕೆ ತಿರುಗಿಸಿದ್ದಾರೆ. ಐವತ್ತು ಪದಗಳಿವೆ, ಒಂದೊಂದರ ಮುಂದೆ ಒಂದು ಚೌಕ. ನಿಮ್ಮ ಬದುಕನ್ನು ನಡೆಸುವ ಐದು ಮೌಲ್ಯಗಳಿಗೆ ಗುರುತು ಹಾಕಿ, ಪ್ರತಿಯೊಂದಕ್ಕಾಗಿ ನೀವು ಏನನ್ನು ಬಿಟ್ಟುಕೊಟ್ಟಿರಿ ಎಂದು ಒಂದು ಸಾಲು ಬರೆಯಿರಿ, ಎಂದಿದೆ. ಭಾಷೆ ಅರ್ಥವಾಗುತ್ತದೆಯೇ ಎಂದು ಮೊದಲು ನನ್ನ ಮೇಲೆ ಪರೀಕ್ಷೆ.

ಪ್ರಾಮಾಣಿಕತೆ ಹನ್ನೊಂದನೆಯದು. ‘ಇದಕ್ಕಂತೂ ನೀವು ಕಣ್ಮುಚ್ಚಿ ಟಿಕ್ ಹಾಕ್ಬಹುದು ಆಂಟಿ’ ಎಂದಳು.

ಬೆಂಚಿನ ಮೇಲಿದ್ದ ಗೇಜು ನಿನಗೆ ನೆನಪಿರಬೇಕು. ಒಂದು ತುದಿ ಬುಷ್ಷಿನ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಅದು ಹೇಳುತ್ತಿರಲಿಲ್ಲ. ಪಾಸು ಅಥವಾ ರಿಜೆಕ್ಟು, ಎರಡೇ. ಮೂರು ದಿನದಿಂದ ಹಾಳೆಯ ಮುಂದೆ ಕೂತಿದ್ದೇನೆ. ಹನ್ನೊಂದನೆಯ ಚೌಕದ ಹತ್ತಿರ ಪೆನ್ನು ಹೋದಾಗಲೆಲ್ಲ 1995ರ ಮಾರ್ಚ್ 28 ಎದುರಿಗೆ ಬರುತ್ತದೆ.

ಆ ದಿನದ ಬಗ್ಗೆ ನಿನಗೆ ಬರೆಯಲು ಅನುಮತಿ ಕೇಳುತ್ತಿದ್ದೇನೆ. ಬೇಡವೆಂದರೆ ಉತ್ತರಿಸಬೇಡ.

ಇಂತಿ,
ಕಲಾವತಿ


ಯಲಹಂಕ ಹಳೇ ಊರು
24 ಜುಲೈ 2014

ಕಲಾ,

ನಿನ್ನ ಕೈಬರಹ ಬದಲಾಗಿಲ್ಲ. ಟ್ರೇ ಚೀಟಿ ಬರೆದ ಹಾಗೇ ಇದೆ.

ಪೋಸ್ಟ್‌ಮನ್ ಕಾಗದವನ್ನು ನನ್ನ ತಮ್ಮ ಬಾಲರಾಜನ ಕೈಗೆ ಕೊಟ್ಟ. ಅವನು ನನ್ನ ಕಿವಿಯ ಹತ್ತಿರ ಬಾಯಿ ತಂದು, ‘ಯಾರಕ್ಕಾ ಇದು, ಕೋರ್ಟ್ ನೋಟೀಸಾ?’ ಅಂತ ಕೂಗಿದ. ಬೀದಿಗೆಲ್ಲ ಕೇಳಿಸಿತು. ನನಗೆ ‘ನೋಟೀಸಾ’ ಅನ್ನುವುದಷ್ಟೇ ಕೇಳಿಸಿತು. ಈಗ ಪಕ್ಕದ ಮನೆಯ ಅಂಜಿನಮ್ಮ ಬಂದು ಯಾವ ಸೈಟಿನ ಕೇಸು ಅಂತ ವಿಚಾರಿಸುತ್ತಿದ್ದಾಳೆ.

ಎರಡು ವಾರ ಸುಮ್ಮನಿದ್ದೆ. ಉತ್ತರ ಬರೆಯಬಾರದು ಅಂತಲೇ ಇದ್ದೆ. ಆದರೆ ಒಂದು ವಿಷಯ ಕೊರೆಯುತ್ತಿದೆ, ಅದನ್ನು ಕೇಳಬೇಕು.

ಆ ಐವತ್ತು ಪದಗಳ ಹಾಳೆಯನ್ನು ನಾನೂ ನೋಡಿದ್ದೇನೆ. ಯುಗಾದಿಗೆ ಬಂದಾಗ ನನ್ನ ಮಗಳ ಬ್ಯಾಗಿನಿಂದ ಜಾರಿ ಬಿತ್ತು. ಎತ್ತಿಕೊಟ್ಟು, ‘ಏನೇ ಇದು?’ ಅಂದೆ. ‘ಆಫೀಸಿಂದು’ ಅಂದಳು. ನೀನೂ ಟಿಕ್ ಹಾಕಮ್ಮ ಅನ್ನಲಿಲ್ಲ.

ನಯನಾ ನಿನ್ನ ಮನೆಗೆ ಬರುತ್ತಾಳಾ? ಅದಕ್ಕೆ ಉತ್ತರ ಕೊಡು. ಮಾರ್ಚ್ 28ರ ಮಾತು ಆಮೇಲೆ.

ರಾಣಿ


ಶೆಟ್ಟಿಹಳ್ಳಿ
1 ಆಗಸ್ಟ್ 2014

ರಾಣಿ,

ಹೌದು.

ಆರು ವರ್ಷದ ಹಿಂದೆ ಗಂಗಮ್ಮ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ‘ಕಲಾ ಆಂಟಿ’ ಎಂದು ಯಾರೋ ಕರೆದರು. ಹನ್ನೊಂದು ವರ್ಷದವಳಿದ್ದಾಗ ನನ್ನ ಹತ್ತಿರ ಭಿನ್ನರಾಶಿ ಹೇಳಿಸಿಕೊಳ್ಳುತ್ತಿದ್ದ ಹುಡುಗಿ, ನನಗಿಂತ ಎತ್ತರವಾಗಿದ್ದಳು. ಅಂದಿನಿಂದ ತಿಂಗಳ ಮೊದಲ ಭಾನುವಾರ ಆರ್.ಟಿ. ನಗರದಿಂದ ಬರುತ್ತಾಳೆ. ಹನ್ನೊಂದಕ್ಕೆ ಬಂದು, ಊಟ ಮಾಡಿ, ಮೂರಕ್ಕೆ ಹೊರಡುತ್ತಾಳೆ. ನಿನ್ನ ಕಿವಿಯ ವಿಷಯವೂ ವಿಳಾಸವೂ ಅವಳಿಂದ ತಿಳಿದದ್ದು. ಮೊದಲ ಕಾಗದದಲ್ಲಿ ‘ಪರಿಚಯದ ಹುಡುಗಿ’ ಎಂದು ಬರೆದದ್ದು ಮುಚ್ಚಿಡಲೆಂದೇ.

ಉಳಿದ ದಿನ ನನ್ನ ಮೆಟ್ಟಿಲು ಹತ್ತುವವರು ಗ್ಯಾಸಿನವನು ಮತ್ತು ಕೆಳಗಿನ ಮನೆಯ ಒಡತಿ ಮುನಿಯಲ್ಲಮ್ಮ. ಮೊನ್ನೆ ಅವಳು ಬಾಗಿಲಲ್ಲಿ ನಿಂತು, ‘ಅಲ್ಲ ಕಣಕ್ಕಾ, ಆ ಮಗ ಬರೋ ದಿನ ಮಾತ್ರ ಒಗ್ಗರಣೆ ವಾಸ್ನೆ ಬತ್ತದೆ. ಮಿಕ್ಕಿದ್ ದಿನ ಏನ್ ಗಾಳಿ ಕುಡೀತೀಯಾ? ಇಂಗಾದ್ರೆ ಎಂಗೆ?’ ಎಂದಳು. ನಗುತ್ತಲೇ ಹೇಳಿದಳು.

ಇನ್ನೊಂದು ವಿಷಯವನ್ನೂ ನೀನು ತಿಳಿದಿರಬೇಕು. ನಯನಾ ಹೆಬ್ಬಾಳದ ಆಫೀಸಿನ ತರಬೇತಿಗಳಲ್ಲಿ ನನ್ನ ಕಥೆ ಹೇಳುತ್ತಾಳೆ. ಒಬ್ಬ ಇನ್‌ಸ್ಪೆಕ್ಟರ್ ಇದ್ದರು, ಪ್ರಾಣದ ಗೆಳತಿ ತಪ್ಪು ಮಾಡಿದಾಗಲೂ ಸುಳ್ಳು ಹೇಳಲಿಲ್ಲ, ಎಂದು. ನನ್ನ ಹೆಸರು ಹೇಳುವುದಿಲ್ಲವಂತೆ. ಆ ಗೆಳತಿ ತನ್ನ ತಾಯಿ ಎಂದೂ ಹೇಳುವುದಿಲ್ಲವಂತೆ.

ಈಗ ಮಾರ್ಚ್ 28. ನಿನಗೆ ಎಲ್ಲ ಗೊತ್ತು. ಆದರೆ ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದ್ದರಿಂದ ಬರೆಯುತ್ತೇನೆ.

ಒಬ್ಬೊಬ್ಬ ಇನ್‌ಸ್ಪೆಕ್ಟರಿಗೆ ಒಂದೊಂದು ನಂಬರಿನ ಸೀಲು. ನಿನ್ನದು ಹದಿನೇಳು, ನನ್ನದು ನಲವತ್ತೊಂದು. ಒಬ್ಬರ ಸೀಲು ಇನ್ನೊಬ್ಬರ ಕೈಗೆ ಹೋಗಬಾರದು, ಎದ್ದು ಹೋಗುವಾಗ ಡ್ರಾಯರಿಗೆ ಬೀಗ. ಇದು ನಿಯಮ. ನಾವು ಐದು ಜನ ಹೆಂಗಸರು ನಡೆಸುತ್ತಿದ್ದದ್ದು ಬೇರೆ. ಮಗುವಿಗೆ ಜ್ವರ ಬಂದರೆ, ನೀರಿನ ಟ್ಯಾಂಕರ್ ಬರುವ ದಿನವಾದರೆ, ಬೀಗದ ಕೈಯನ್ನು ಪಕ್ಕದವಳ ಊಟದ ಡಬ್ಬಿಯ ಮುಚ್ಚಳದಡಿ ಇಟ್ಟು ಹೋಗುತ್ತಿದ್ದೆವು. ಅವಳು ಉಳಿದ ಟ್ರೇಗಳನ್ನು ಅಳೆದು ನಮ್ಮ ಸೀಲು ಹಾಕುತ್ತಿದ್ದಳು.

ಅವತ್ತು ಯಶವಂತಪುರದ ಸೋದರಮಾವನ ಮನೆಗೆ ಗಂಡಿನವರು ಬರುವವರಿದ್ದರು. ನನಗೆ ನಲವತ್ತು ವರ್ಷ, ಅವರಿಗೆ ಎರಡನೇ ಮದುವೆ. ಗೇಟ್ ಪಾಸಿನಲ್ಲಿ ‘ತಾಯಿಗೆ ಅನಾರೋಗ್ಯ’ ಎಂದು ಬರೆದೆ. ಊಟದ ಬಿಡುವಿನಲ್ಲಿ ನೀನು ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಿ ನಿನ್ನ ಹಸಿರು ಸೀರೆ ಕೊಟ್ಟೆ. ‘ನಿನ್ನ ಎರಡು ಟ್ರೇ ನಾನು ನೋಡ್ಕೋತೀನಿ, ನೀನು ಮುಖ ತೊಳ್ಕೊಂಡು ಹೋಗು’ ಎಂದೆ. ನಾನು ಮೂರಕ್ಕೆ ಗೇಟು ದಾಟಿದೆ. ಬೀಗದ ಕೈ ನಿನ್ನ ಡಬ್ಬಿಯಲ್ಲಿತ್ತು.

ಎರಡು ತಿಂಗಳ ಮೇಲೆ ಆ ಎರಡು ಟ್ರೇ ವಾಪಸ್ ಬಂದವು. ಅಳತೆ ತಪ್ಪಿತ್ತು. ಚೀಟಿಯ ಮೇಲೆ ನನ್ನ ಸೀಲು, ನಿನ್ನ ಕೈಬರಹ. ಸೂಪರ್‌ವೈಸರ್ ಅನಂತರಾಜು ಎಲ್ಲರ ಮುಂದೆ ಕೇಳಿದರು: ‘ಏನಮ್ಮಾ ಕಲಾವತಿ, ನೀವು ಮನೇಲಿ, ನಿಮ್ಮ ಸೀಲು ಇಲ್ಲಿ. ಅದಕ್ಕೇನು ಕಾಲು ಬಂತಾ?’ ಎಲ್ಲರೂ ನಕ್ಕರು. ನಾನು, ‘ಡ್ರಾಯರಿಗೆ ಬೀಗ ಹಾಕಿದ್ದೆ ಸಾರ್. ಹೇಗೆ ತೆಗೆದ್ರೋ ಗೊತ್ತಿಲ್ಲ’ ಎಂದೆ.

ಕೆಲಸ ಹೋಗುವ ಭಯದಿಂದ ಹಾಗೆ ಹೇಳಿದೆ ಎಂದು ಹತ್ತೊಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನಿಜ ಹೇಳಿದ್ದರೆ ಇಬ್ಬರಿಗೂ ಒಂದೊಂದು ಎಚ್ಚರಿಕೆ ಪತ್ರ ಬರುತ್ತಿತ್ತು. ಆದರೆ ಅವತ್ತು ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಯೂ ಬರುತ್ತಿತ್ತು. ಇನ್ನೊಬ್ಬರ ಸೀರೆಯುಟ್ಟು ಕೂತದ್ದು, ಗಂಡಿನ ಅಕ್ಕ ನನ್ನ ಉಗುರಿನ ಸಂದಿಯ ಎಣ್ಣೆ ನೋಡಿ ಮುಖ ತಿರುಗಿಸಿದ್ದು, ಆಮೇಲೆ ಅವರಿಂದ ಬೇಡವೆಂಬ ಒಂದು ಮಾತೂ ಬರದಿದ್ದದ್ದು ಇಡೀ ಶಾಪಿಗೆ ಗೊತ್ತಾಗುತ್ತಿತ್ತು. ಅದನ್ನು ತಡೆಯಲು ನಿನ್ನನ್ನು ಕಳ್ಳಿ ಮಾಡಿದೆ.

ಕಾರ್ಖಾನೆಯ ಮಾಲೀಕರಿಗೆ ಇದೆಲ್ಲವನ್ನೂ ಬರೆದು ಸಹಿ ಹಾಕಿ ಕಳಿಸುತ್ತೇನೆ. ಒಂದು ಪ್ರತಿ ನಿನಗೆ. ಅದು ಸಾಕೇ, ತಿಳಿಸು.

ಕಲಾವತಿ


ಯಲಹಂಕ ಹಳೇ ಊರು
19 ಆಗಸ್ಟ್ 2014

ಕಲಾ,

ನಿನ್ನ ಕಾಗದವನ್ನು ಮಡಿಸಿ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೆ. ಹೋಗುತ್ತಾ ಬರುತ್ತಾ ತೆಗೆದು ಓದಿದೆ.

ಮಾಲೀಕರಿಗೆ ಬರೆಯುತ್ತೀಯಾ? ಯಾವ ಮಾಲೀಕರಿಗೆ? ನೀನು ಬಿಟ್ಟ ಮೇಲೆ ಕಾರ್ಖಾನೆ ಹೊಸೂರಿಗೆ ಹೋಯಿತಂತೆ, ಅನಂತರಾಜು ಮೇಲಕ್ಕೆ ಹೋದರು. ನಮ್ಮ ಕ್ವಾರ್ಟರ್ಸ್ ಇದ್ದ ಜಾಗದಲ್ಲಿ ಈಗ ಮದುವೆ ಹಾಲ್ ಇದೆಯಂತೆ. ನಿನ್ನ ಕಾಗದವನ್ನು ಅಲ್ಲಿ ಯಾರು ತೆಗೆದುಕೊಳ್ಳುತ್ತಾರೆ, ಅಡುಗೆ ಭಟ್ಟರಾ?

ಒಂದು ತಿದ್ದುಪಡಿ. ಆ ಎರಡು ಟ್ರೇ ನಾನು ಕಣ್ಣು ಮುಚ್ಚಿ ಬಿಟ್ಟಿದ್ದಲ್ಲ. ಒಂದೊಂದು ಬುಷ್ಷನ್ನೂ ನೋಡಿದೆ. ನಿನ್ನ ಬೆಂಚಿನ ಗೇಜು ಸವೆದಿತ್ತು. ನನ್ನ ಬೆಂಚಿನಿಂದ ನನ್ನದನ್ನು ತರಬೇಕಿತ್ತು, ತರಲಿಲ್ಲ. ನೀನು ಹೇಗೆ ಕಾಣಿಸುತ್ತಿದ್ದೀಯೋ, ಅವರು ಏನು ಕೇಳುತ್ತಿದ್ದಾರೋ ಅಂತಲೇ ನನ್ನ ತಲೆ. ತಪ್ಪು ನನ್ನದೂ ಇದೆ. ಕಳ್ಳತನ ಮಾತ್ರ ನನ್ನದಲ್ಲ.

ಯಾಕೆ ಬಾಯಿ ಬಿಡಲಿಲ್ಲ ಅಂತ ನೀನು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ವಿಚಾರಣೆ ಆದದ್ದು ಶನಿವಾರ. ಎಲ್ಲರ ಮುಂದೆ ಗಾಬರಿಯಾಗಿ ಹಾಗಂದಳು, ಸೋಮವಾರ ಹೋಗಿ ಹೇಳುತ್ತಾಳೆ ಅಂದುಕೊಂಡೆ. ಸೋಮವಾರ ನೀನು ಬೆಂಚಿಗೆ ಬಂದು ಕೂತೆ, ಟ್ರೇ ಎಳೆದುಕೊಂಡೆ. ಮಂಗಳವಾರ ಹೇಳುತ್ತಾಳೆ ಅಂದುಕೊಂಡೆ. ಬುಧವಾರ ನನ್ನನ್ನು ಕೆಲಸದಿಂದ ತೆಗೆದು, ಡ್ರಾಯರಿನ ಬೀಗದ ಕೈ ಇಸಕೊಂಡರು. ಸಾಮಾನು ಲಾರಿಗೆ ಹಾಕುವ ದಿನವೂ ನಾನು ನಿನ್ನ ಬೀದಿಯ ಕಡೆ ನೋಡುತ್ತಿದ್ದೆ. ನಾನೇ ಹೇಳಿಬಿಟ್ಟರೆ ನೀನು ಹೇಳುವುದಕ್ಕೆ ಏನೂ ಉಳಿಯುವುದಿಲ್ಲ ಅಂತ ಇತ್ತು. ಹುಚ್ಚು.

ನಯನಾ ಆಗ ಹನ್ನೊಂದು ವರ್ಷದವಳು. ಶಾಲೆ ಶುರುವಾಗಿ ಹತ್ತು ದಿನ, ಹೊಸ ಪುಸ್ತಕಕ್ಕೆಲ್ಲ ಬೈಂಡು ಹಾಕಿದ್ದಳು. ಲಾರಿಯಲ್ಲಿ ನನ್ನ ಪಕ್ಕ ಕೂತು, ‘ಅಮ್ಮ, ನೀನು ಕದ್ದಿದ್ದು ನಿಜಾನಾ?’ ಅಂದಳು. ಅವಳ ಅಪ್ಪ ಹೋಗಿ ಎರಡು ವರ್ಷ, ಈಗ ಮನೆ ಹೋಗಿತ್ತು, ಶಾಲೆ ಹೋಗಿತ್ತು. ಅವಳಿಗೆ ಇನ್ನು ಉಳಿದಿದ್ದವಳು ನೀನೊಬ್ಬಳು. ಅದನ್ನೂ ಕಿತ್ತುಕೊಳ್ಳುವುದು ಬೇಡ ಅನ್ನಿಸಿತು. ‘ದೊಡ್ಡೋರ ವಿಷಯ, ಸುಮ್ನಿರು’ ಅಂದೆ. ದೊಡ್ಡವಳಾದ ಮೇಲೆ ಹೇಳೋಣ ಅಂದುಕೊಂಡೆ. ಗಾರ್ಮೆಂಟ್ಸಿಗೆ ಸೇರಿದೆ, ನಮ್ಮ ಕಾರ್ಖಾನೆಯ ಪ್ರೆಸ್ ಶಾಪಿನ ಸದ್ದು ಉಳಿಸಿದ್ದ ಕಿವಿಯನ್ನು ಅಲ್ಲಿನ ಮಿಷಿನ್ನುಗಳು ತೆಗೆದುಕೊಂಡವು. ಈಗ ನನ್ನ ಜೊತೆ ಮಾತಾಡಬೇಕಾದರೆ ಕೂಗಬೇಕು. ಕೂಗಿ ಹೇಳುವಂಥ ಮಾತು ಅವಳ ಹತ್ತಿರ ಯಾವುದೂ ಇಲ್ಲ. ಯುಗಾದಿಗೆ ಒಂದು ಸಲ, ಗೌರಿ ಹಬ್ಬಕ್ಕೆ ಒಂದು ಸಲ ಬರುತ್ತಾಳೆ. ನಿನ್ನಲ್ಲಿಗೆ ವರ್ಷಕ್ಕೆ ಹನ್ನೆರಡು ಸಲ.

ನಾನು ಹೇಳಿದರೆ ಈಗ ನಂಬುವುದಿಲ್ಲ. ಹತ್ತೊಂಬತ್ತು ವರ್ಷ ಆದ ಮೇಲೆ ಅಮ್ಮ ಕಥೆ ಕಟ್ಟುತ್ತಿದ್ದಾಳೆ ಅನ್ನುತ್ತಾಳೆ. ಮಾಲೀಕರೂ ಬೇಡ, ಪ್ರತಿಯೂ ಬೇಡ. ಅವಳಿಗೆ ಹೇಳು. ಕಾಗದದಲ್ಲಲ್ಲ, ಎದುರಿಗೆ ಕೂತು, ನಿನ್ನ ಬಾಯಿಂದ.

ನಾನು ಏನು ಕೇಳುತ್ತಿದ್ದೇನೆ ಅಂತ ನನಗೆ ಗೊತ್ತಿದೆ. ನಿನ್ನ ಮೆಟ್ಟಿಲು ಹತ್ತುವವರ ಲೆಕ್ಕ ನೀನೇ ಬರೆದಿದ್ದೀಯ.

ರಾಣಿ

ಹಸಿರು ಸೀರೆ ಏನಾಯಿತು?


ಶೆಟ್ಟಿಹಳ್ಳಿ
8 ಸೆಪ್ಟೆಂಬರ್ 2014

ರಾಣಿ,

ನಿನ್ನೆ ಭಾನುವಾರ ನಯನಾ ಬಂದಿದ್ದಳು. ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಬಂದಳು. ಕೆಳಗೆ ಮುನಿಯಲ್ಲಮ್ಮ ಹಿಡಿದುಕೊಂಡು, ‘ಏನವ್ವಾ, ಯಾವಾಗ ಮದ್ವೆ ಊಟ ಆಕ್ಸ್ತೀಯಾ?’ ಎಂದದ್ದಕ್ಕೆ, ‘ನಿಮ್ಮ ಮೊಮ್ಮಗನ್ನ ಕೊಡಿ, ನಾಳೇನೇ ಆಗ್ತೀನಿ’ ಎಂದು ನಗಿಸುತ್ತಾ ಮೆಟ್ಟಿಲು ಹತ್ತಿದಳು. ಆ ಮೊಮ್ಮಗ ಆರನೇ ತರಗತಿ.

ಬಂದವಳೇ ಮೇಜಿನ ಮೇಲಿನ ಹಾಳೆ ನೋಡಿದಳು.

‘ಆಂಟಿ, ಇನ್ನೂ ಒಂದೂ ಟಿಕ್ ಇಲ್ಲ! ನಮ್ಮ ಸೆಕ್ಯುರಿಟಿಯವರು ಹತ್ತು ನಿಮಿಷದಲ್ಲಿ ಮುಗಿಸಿಬಿಟ್ರು. ನಿಮಗೇನು, ಮೈಕ್ರೋಮೀಟರ್ ತಂದ್ಕೊಡ್ಬೇಕಾ?’

ಕಾಫಿ ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತೋರಿಸಿದಳು. ದುಂಡನೆಯ ಸೀಲು, ನಡುವೆ 41. ನವೆಂಬರಿನಲ್ಲಿ ಆಫೀಸಿನ ಸಭಾಂಗಣದಲ್ಲಿ ಇನ್ನೂರು ಜನ ಸೇರುತ್ತಾರಂತೆ. ನಾನು ಬರಬೇಕಂತೆ. ‘ಮಾತಾಡೋದೇನೂ ಬೇಡ. ಸುಮ್ನೆ ಎದ್ದು ನಿಂತ್ಕೊಳ್ಳಿ ಸಾಕು. ಇವರೇ ಆ ಇನ್‌ಸ್ಪೆಕ್ಟರ್ ಅಂತೀನಿ.’

ಇದೇ ಸಮಯವೆಂದುಕೊಂಡೆ. ‘ನಯನಾ, ನಿನ್ನಮ್ಮ ಆ ದಿನ...’ ಎಂದೆ.

‘ಆಂಟಿ, ಪ್ಲೀಸ್. ಅಮ್ಮನ ವಿಷಯ ಬೇಡ. ಇಲ್ಲಿಗೆ ಬರೋದೇ ಸ್ವಲ್ಪ ನೆಮ್ಮದಿಗೆ.’

ಅವಳು ತಡೆದಳು ಎಂದು ಬರೆಯಬಹುದಿತ್ತು. ತಡೆದದ್ದು ಒಂದೇ ಸಲ, ಹನ್ನೊಂದೂ ಕಾಲಿಗೆ. ಮೂರರವರೆಗೂ ಇಲ್ಲೇ ಇದ್ದಳು. ನಾನು ಹುರುಳಿಕಾಯಿ ಪಲ್ಯ ಬಡಿಸಿದೆ, ಮೊಸರು ಬಡಿಸಿದೆ. ಅವಳು ನನ್ನ ಚಾಪೆಯ ಮೇಲೆ ಅರ್ಧ ಗಂಟೆ ನಿದ್ದೆ ಮಾಡಿದಳು. ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಹೊರಡುವಾಗ ಎಂದಿನಂತೆ ಡಬ್ಬಿಯಲ್ಲಿ ಚಟ್ನಿಪುಡಿ ಕೊಟ್ಟೆ. ಬಾಲ್ಕನಿಯಿಂದ ಬೀದಿಯ ತಿರುವಿನವರೆಗೂ ನೋಡಿದೆ. ಆಮೇಲೆ ಎರಡು ತಟ್ಟೆ ತೊಳೆದೆ.

ಬೀಗದ ಕೈಯ ವಿಷಯವನ್ನು ಅಂದು ಯಾಕೆ ಹೇಳಲಿಲ್ಲವೋ ಅದೇ ಕಾರಣಕ್ಕೆ ನಿನ್ನೆಯೂ ಹೇಳಲಿಲ್ಲ. ನೋಡುವವರ ಕಣ್ಣಿನಲ್ಲಿ ನಾನು ಸರಿಯಾಗಿ ಕಾಣಬೇಕು. ಆ ಹಾಳೆಯ ಐವತ್ತು ಪದಗಳಲ್ಲಿ ಅದಕ್ಕೆ ಪದವಿಲ್ಲ. ಇದ್ದಿದ್ದರೆ ಗುರುತು ಹಾಕಿ, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟೆ ಎಂಬ ಸಾಲಿನಲ್ಲಿ ನಿನ್ನ ಹೆಸರು ಬರೆಯಬೇಕಿತ್ತು.

ಸೀರೆ ನನ್ನ ಹತ್ತಿರ ಇದೆ. ಒಗೆದು ಇಸ್ತ್ರಿ ಮಾಡಿಸಿದ್ದು. ಮತ್ತೆ ಉಟ್ಟಿಲ್ಲ.

ಕಲಾವತಿ


(ಪೋಸ್ಟ್‌ಕಾರ್ಡ್)

ಯಲಹಂಕ
15 ಸೆಪ್ಟೆಂಬರ್ 2014

ಕಲಾ,

ಕಾಗದ ಬಂತು. ಕಾದು ನನಗೆ ಅಭ್ಯಾಸವಿದೆ.

ಗೌರಿ ಹಬ್ಬಕ್ಕೆ ನಯನಾ ಒಂದು ಡಬ್ಬಿ ಚಟ್ನಿಪುಡಿ ತಂದಿದ್ದಳು. ಅಂಗಡಿಯದು ಅಂದಳು. ಅನ್ನಕ್ಕೆ ಕಲಸಿ ಒಂದು ತುತ್ತು ತಿಂದೆ. ಯಾರ ಕೈಯದು ಅಂತ ಗೊತ್ತಾಯಿತು.

ರಾಣಿ


ಶೆಟ್ಟಿಹಳ್ಳಿ
4 ಅಕ್ಟೋಬರ್ 2014, ಶನಿವಾರ

ರಾಣಿ,

ನಿನ್ನ ಕಾರ್ಡು ಬಂದು ಎರಡು ವಾರ ದಾಟಿತು. ಈ ಮಧ್ಯೆ ಒಂದು ದಿನ ನಾನು ಯಲಹಂಕಕ್ಕೆ ಬಂದಿದ್ದೆ. ಹಳೇ ಊರಿನ ಬಸ್ ನಿಲ್ದಾಣದಲ್ಲಿ ಇಳಿದು, ವಿಳಾಸ ಕೇಳಿ, ನಿಮ್ಮ ಬೀದಿಯ ತುದಿಯವರೆಗೂ ಬಂದೆ. ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಬೆನ್ನು ಈ ಕಡೆಗಿತ್ತು. ಹಿಂದೆ ಒಂದು ಆಟೋ ಎರಡು ಸಲ ಹಾರನ್ ಹೊಡೆದರೂ ಅವಳು ತಿರುಗಲಿಲ್ಲ. ನೀನೇ ಎಂದು ತಿಳಿಯಿತು. ನಯನಾಗೆ ಹೇಳದೆ ನಿನ್ನ ಎದುರಿಗೆ ಬರುವುದು ಸರಿಯಲ್ಲವೆಂದು ಹಿಂತಿರುಗಿದೆ.

ಈ ವಾರ ಆಯುಧಪೂಜೆ. ಕಾರ್ಖಾನೆಯಲ್ಲಿ ಐದು ಸೀಲು, ಐದು ಗೇಜುಗಳನ್ನು ಸಾಲಾಗಿ ಇಟ್ಟು ನೀನೇ ಕುಂಕುಮ ಹಚ್ಚುತ್ತಿದ್ದೆ. ನನ್ನ ಸೀಲನ್ನು ನಿವೃತ್ತಿಯ ದಿನ ವಾಪಸ್ ಪಡೆದು, ನನ್ನ ಎದುರಿಗೇ ಅದರ ಅಂಕಿಯನ್ನು ಉಜ್ಜಿ ಅಳಿಸಿದರು. ಅದು ನಿಯಮ. ಹಾಗಾಗಿ ಈಳಿಗೆಮಣೆಯನ್ನೂ ಕತ್ತರಿಯನ್ನೂ ಇಟ್ಟು ಪೂಜೆ ಮಾಡಿದೆ. ಮುನಿಯಲ್ಲಮ್ಮ ಪುರಿ ತಂದುಕೊಟ್ಟು, ‘ಒಬ್ಬಳೇ ಎಂಗಕ್ಕಾ ತಿಂತೀಯ, ಬಾ ಕೆಳಕ್ಕೆ’ ಎಂದಳು. ಹೋದೆ. ಆರು ವರ್ಷದಲ್ಲಿ ಮೊದಲ ಸಲ ಅವಳ ಮನೆಯೊಳಗೆ ಕೂತೆ.

ನಾಳೆ ಮೊದಲ ಭಾನುವಾರ.

ಹೋದ ತಿಂಗಳು ನಾನು ಮಾಡಿದ ತಪ್ಪು ಯಾವುದೆಂದು ನೋಡಿದ್ದೇನೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು, ಕೂತಳು, ನಾನು ಕಾಫಿ ಕೊಟ್ಟೆ. ಆ ಮೇಲೆ ಪ್ರತಿ ನಿಮಿಷವೂ ನನ್ನಿಂದ ಹೇಳಲಾಗದ ನಿಮಿಷವಾಯಿತು. ಆದ್ದರಿಂದ ನಾಳೆ ಅವಳು ಕೂರುವ ಮೊದಲೇ, ಬಾಗಿಲಲ್ಲೇ ಹೇಳುತ್ತೇನೆ. ಬೇಡ ಎಂದರೂ ಹೇಳುತ್ತೇನೆ. ನಾಲ್ಕು ವಾಕ್ಯ ಬರೆದು ಬಾಯಿಪಾಠ ಮಾಡಿದ್ದೇನೆ.

ಬೀಗದ ಕೈಯನ್ನು ನಾನೇ ನಿನ್ನಮ್ಮನ ಊಟದ ಡಬ್ಬಿಯಲ್ಲಿ ಇಟ್ಟಿದ್ದೆ.
ಅವಳು ಮಾಡುತ್ತಿದ್ದದ್ದು ನನ್ನ ಕೆಲಸ.
ಕೇಳಿದಾಗ ನಾನು ಸುಳ್ಳು ಹೇಳಿದೆ.
ನಾನು ನಿಜ ಹೇಳುತ್ತೇನೆಂದು ಅವಳು ಕಾದಳು.

ಐದನೆಯದೊಂದಿತ್ತು. ಯಶವಂತಪುರ, ಗಂಡಿನವರು, ನನ್ನ ಉಗುರು. ಅದನ್ನು ಹೊಡೆದುಹಾಕಿದೆ. ಕೇಳಿದರೆ ಹೇಳುತ್ತೇನೆ, ನಾನಾಗಿ ಹೇಳಿದರೆ ಕರುಣೆ ಬೇಡಿದ ಹಾಗಾಗುತ್ತದೆ.

ಆಮೇಲೆ ಅವಳು ಒಳಗೆ ಬರಬಹುದು, ಬಾರದಿರಬಹುದು. ಹಸಿರು ಸೀರೆಯನ್ನು ಕಾಗದದಲ್ಲಿ ಸುತ್ತಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದೇನೆ. ನಿನಗೆ ತಲುಪಿಸು ಎಂದು ಅವಳ ಕೈಗೇ ಕೊಡುತ್ತೇನೆ. ಯಲಹಂಕಕ್ಕೆ ಹೋಗಲು ಹಬ್ಬವೇ ಬರಬೇಕಿಲ್ಲ.

ಈ ಕಾಗದವನ್ನು ಈಗಲೇ ಹೋಗಿ ಡಬ್ಬಕ್ಕೆ ಹಾಕುತ್ತೇನೆ. ಹಾಕಿದ ಮೇಲೆ ವಾಪಸ್ ತೆಗೆಯಲು ಬರುವುದಿಲ್ಲ, ಅದಕ್ಕೇ. ನಿನಗೆ ತಲುಪುವುದು ಮಂಗಳವಾರ. ಅಷ್ಟರಲ್ಲಿ ನಾನು ಹೇಳಿದ್ದೇನೋ ಇಲ್ಲವೋ ನಿನಗೆ ನಯನಾ ಮುಖದಿಂದಲೇ ಗೊತ್ತಾಗಿರುತ್ತದೆ.

ಹಾಳೆ ಮೇಜಿನ ಮೇಲೆ ಹಾಗೇ ಇದೆ. ಐವತ್ತು ಚೌಕವೂ ಖಾಲಿ. ಸಂಜೆ, ಹಾಲು ತರಿಸಿಕೊಡುವ ಮುನಿಯಲ್ಲಮ್ಮನಿಗೆ, ನಾಳೆ ನನ್ನೊಬ್ಬಳಿಗೆ ಅರ್ಧ ಲೀಟರ್ ಸಾಕು ಎಂದು ಹೇಳಿ ಬಂದೆ. ಮೇಲೆ ಬಂದು ಕಾಫಿಯ ಎರಡು ಲೋಟ ತೊಳೆದಿಟ್ಟೆ. ಮತ್ತೆ ಇಳಿದು ಹೋಗಿ, ಒಂದು ಲೀಟರ್ ಇರಲಿ ಎಂದೆ.

ಹನ್ನೊಂದಕ್ಕೆ ಬರುತ್ತಾಳೆ. ಹತ್ತೂವರೆಗೆ ನಾನು ಬಾಗಿಲು ತೆರೆದು ನಿಂತಿರುತ್ತೇನೆ.

ಕಲಾ